ಸಾಕ್ಷಿ ಬಾಟ್ಲಿಯ ಬಾಯಾರು

ಮೇಡಂ ತೀರಿಕೊಂಡ ಹದಿನೈದು ದಿನಕ್ಕೆ ನಮ್ಮ ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ಮಾತಾಡಿದವರೆಲ್ಲ ಅವರನ್ನು ಸರಳ, ಸೌಮ್ಯ, ಎಲ್ಲರ ಜೊತೆ ಹೊಂದಿಕೊಂಡು ಹೋಗುವ ಸ್ವಭಾವದವರು ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಒಳಗೊಳಗೇ ಕುದಿಯುತ್ತಿದ್ದೆ. ಸರಳ ಎನ್ನುವುದನ್ನು ಒಪ್ಪಿಕೊಳ್ಳೋಣ. ಮಾಸಿದ ಚೂಡಿದಾರ, ಕಾಲಿಗೆ ರಬ್ಬರ್ ಬೂಟು, ತಲೆಗೆ ಗಂಡಸರು ಸುತ್ತುವಂಥ ಟವೆಲು, ಇಷ್ಟೇ ಅವರ ವೇಷ. ಆದರೆ ಸೌಮ್ಯ? ಹೊಂದಿಕೊಂಡು ಹೋಗುವುದು? ಏಳು ವರ್ಷ ಅವರ ಜೊತೆ ಕೆರೆ, ಹಳ್ಳ ತಿರುಗಿದವನು ನಾನು. ನನ್ನನ್ನು ಕೇಳಲಿ, ಹೇಳುತ್ತೇನೆ ಅಂದುಕೊಂಡೆ. ಕೊನೆಗೆ ನನ್ನನ್ನೂ ಕರೆದರು. ಮೈಕಿನ ಮುಂದೆ ನಿಂತು ನಾನೂ ಸೌಮ್ಯ ಎಂದೇ ಹೇಳಿ ಇಳಿದು ಬಂದೆ. ಅವರು ಕೇಳಿಸಿಕೊಂಡಿದ್ದರೆ ನನ್ನನ್ನು ಅಲ್ಲಿಯೇ ನಿಲ್ಲಿಸಿ, "ಯಾವಾಗ ಸೌಮ್ಯ ಇದ್ದೆ, ಒಂದು ಉದಾಹರಣೆ ಕೊಡ್ರಿ ಸರ" ಎನ್ನುತ್ತಿದ್ದರು. ಆ ಸುಳ್ಳನ್ನು ತೊಳೆದುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಕಲಘಟಗಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ಅವರು ಧಾರವಾಡದಲ್ಲಿ ಮನೆ ಮಾಡಿಕೊಂಡು ಒಂದು ಸಂಶೋಧನಾ ಸಂಸ್ಥೆಯ ಕೆಲಸ ಮಾಡುತ್ತಿದ್ದ ವಿಜ್ಞಾನಿ. ಕಾಡುಪ್ರಾಣಿಗಳನ್ನು ಹುಡುಕುವುದು ಅವರ ಕೆಲಸ, ಆದರೆ ಪ್ರಾಣಿಯನ್ನು ನೋಡಲು ಅವರು ಹೋಗುತ್ತಿರಲಿಲ್ಲ. ನೀರು ತರಲು ಹೋಗುತ್ತಿದ್ದರು. ಕೆರೆಯಲ್ಲಿ ಈಜುವ, ನೀರು ಕುಡಿಯುವ, ದಂಡೆಯಲ್ಲಿ ಹೇತು ಹೋಗುವ ಯಾವ ಪ್ರಾಣಿಯೇ ಆಗಲಿ, ತನ್ನ ಚರ್ಮದ, ಜೊಲ್ಲಿನ, ಮಲಮೂತ್ರದ ಒಂದಿಷ್ಟು ಅಂಶವನ್ನು ನೀರಿಗೆ ಬಿಟ್ಟಿರುತ್ತದೆ. ಆ ನೀರನ್ನು ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿ, ಉಳಿದದ್ದರಲ್ಲಿ ಡಿಎನ್‌ಎ ಹುಡುಕಿದರೆ ಬಂದು ಹೋದವರು ಯಾರು ಎಂದು ತಿಳಿಯುತ್ತದೆ. ಹೀಗೆ ಎರಡು ಮಾತಿನಲ್ಲಿ ಹೇಳಿದರೆ ಸುಲಭ. ಅವರ ಜೊತೆ ಒಂದು ಮುಂಜಾನೆ ಕಳೆದವರಿಗೆ ಮಾತ್ರ ಅದರ ಕಷ್ಟ ಗೊತ್ತು.

ಮೊದಲ ದಿನದ ಕಥೆ ಕೇಳಿ. ಬಮ್ಮಿಗಟ್ಟಿಯ ಆಚೆ ಒಂದು ಹಳ್ಳಕ್ಕೆ ನನ್ನ ಬೈಕಿನ ಮೇಲೆ ಹೋಗಿದ್ದೆವು. ಹಿಂದೆ ಅವರು, ಅವರ ತೊಡೆಯ ಮೇಲೆ ಐಸ್ ತುಂಬಿದ ಪೆಟ್ಟಿಗೆ, ಹೆಗಲ ಚೀಲದಲ್ಲಿ ನೀರು ಸೋಸುವ ಕೈಪಂಪು. ನಾಲ್ಕು ಕಡೆ ನೀರು ತುಂಬಬೇಕು, ಪ್ರತಿ ಕಡೆ ಕೈಗವಸು ಬದಲಿಸಬೇಕು. ಮೂರನೆಯ ಬಾಟಲಿ ಹಿಡಿದಿದ್ದಾಗ ನನಗೆ ಫೋನು ಬಂತು. ಎತ್ತಿದೆ. ಮನೆಯಾಕೆ ಸಂತೆಯಿಂದ ಏನು ತರಬೇಕೆಂದು ಹೇಳಿ ಇಟ್ಟಳು. ತಿರುಗಿ ನೋಡಿದರೆ ಇವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ.

"ಅದ ಕೈಲೆ ಫೋನ್ ಹಿಡದ್ರಿ?"

"ಹೌದ್ರಿ."

"ಆ ಫೋನಿಗೆ ನಿಮ್ಮ ಕಿವಿ ಹತ್ತೇತಿ, ನಿಮ್ಮ ಮನಿ ಎಮ್ಮಿ ಹಾಲು ಹತ್ತೇತಿ, ನಿನ್ನಿ ತಿಂದ ಕೋಳಿ ಹತ್ತೇತಿ. ಈಗ ಈ ಬಾಟ್ಲಿಗೂ ಹತ್ತೇತಿ."

"ಒಂದ ಬಾಟ್ಲಿ ಅಲ್ರಿ ಮೇಡಂ, ಬ್ಯಾರೆ ತುಂಬೋಣ."

"ಮದಲಿನ ಎರಡು ತುಂಬೂ ಮುಂದ ಫೋನ್ ಮುಟ್ಟಿದ್ರೋ ಇಲ್ಲೋ, ಖಾತ್ರಿ ಹೇಳ್ತೀರೇನು?"

ಅಷ್ಟೂ ನೀರನ್ನು ಚೆಲ್ಲಿದರು. ಮತ್ತೆ ಮೊದಲಿನ ಜಾಗಕ್ಕೆ ನಡೆದೆವು. ಕಾಲೇಜಿನಲ್ಲಿ ಆ ದಿನದ ನನ್ನ ಎರಡು ಪಾಠ ತಪ್ಪಿದವು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಎಲ್ಲ ಮುಗಿದ ಮೇಲೆ ಇನ್ನೊಂದು ಬಾಟಲಿ ತೆಗೆದರು. ಅದರಲ್ಲಿ ಅವರು ಪ್ರಯೋಗಾಲಯದಿಂದಲೇ ತಂದ ಶುದ್ಧ ನೀರು. ಹಳ್ಳದ ದಂಡೆಯಲ್ಲಿ ಅದರ ಮುಚ್ಚಳ ತೆರೆದು, ಅದೇ ಪಂಪಿನಲ್ಲಿ, ಅದೇ ರೀತಿ ಸೋಸಿ, ಅದೇ ಪೆಟ್ಟಿಗೆಯಲ್ಲಿಟ್ಟರು. ಇದನ್ನೇಕೆ ಹೊತ್ತು ತಂದಿರಿ ಎಂದೆ.

"ಇದು ಸಾಕ್ಷಿ ಬಾಟ್ಲಿ ಸರ. ಇದರಾಗ ಏನೂ ಇಲ್ಲ. ಇದರಾಗೂ ಏನರ ಪ್ರಾಣಿ ಸಿಕ್ರ ಅದು ಹಳ್ಳದಿಂದ ಬಂದಿಲ್ಲ, ನಮ್ಮ ಕೈಯಿಂದ ಬಂದೈತಿ ಅಂತ ತಿಳೀತದ."

ಆಗ ನನಗೆ ಅದು ಅತಿ ಅನ್ನಿಸಿತ್ತು.

ಕೆಲಸದ ಮಧ್ಯೆ ಅವರಿಗೆ ಚಹಾ ಬೇಡ, ನೆರಳು ಬೇಡ, ನಾಳೆ ನೋಡೋಣ ಎನ್ನುವ ಮಾತು ಬೇಡ. ಆದರೆ ಯಾರಾದರೂ ಪ್ರಶ್ನೆ ಕೇಳಿದರೆ ಮುಗಿಯಿತು, ಇಡೀ ದಿನ ಅವರದೇ. ಒಮ್ಮೆ ಒಂದು ಊರಿನ ಕೆರೆಗೆ ಹೋಗಿದ್ದೆವು. ಬಟ್ಟೆ ಒಗೆಯಲು ಬಂದ ಹೆಣ್ಣುಮಕ್ಕಳಿಗೆ, "ಅರ್ಧ ತಾಸು ನೀರಿಗೆ ಇಳೀಬ್ಯಾಡ್ರಿ, ಕೈ ಹಚ್ಚಬ್ಯಾಡ್ರಿ" ಎಂದು ಇವರು ಹೇಳಿದ್ದು ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಿರಿಯರಿಗೆ ಸರಿಬರಲಿಲ್ಲ.

"ಯಾಕ್ರಿ ಬಾಯಾರ, ನಾವು ಮುಟ್ಟಿದ್ರ ನೀರು ಮೈಲಿಗಿ ಆಕ್ಕೈತೇನು?"

ಇವರು ಕೈಯಲ್ಲಿದ್ದ ಬಾಟಲಿಯನ್ನು ಪೆಟ್ಟಿಗೆಯಲ್ಲಿಟ್ಟು ಅವರ ಕಡೆ ತಿರುಗಿದರು. ನವಲಗುಂದ ಕಡೆಯ ಹಳ್ಳಿಯವರು ಇವರು. ತಂದೆ ಕನ್ನಡ ಶಾಲೆಯ ಮಾಸ್ತರರು. ಅಜ್ಜನ ಕಾಲಕ್ಕೇ ಬೌದ್ಧರಾದ ಮನೆತನ.

"ಅಜ್ಜಾರ, ನಮ್ಮ ಅಮ್ಮನೂ ಹಿಂಗ ಕೇಳತಿದ್ಲಂತ, ಬ್ಯಾರೆ ಒಂದು ಊರಾಗ, ಕೆರಿ ದಂಡಿಗೆ ಕೊಡ ಹಿಡಕೊಂಡು ನಿಂತು. ನಮ್ಮಪ್ಪನ ತಾಯಿ. ಆಕಿಗೆ ಯಾರೂ ಉತ್ತರ ಕೊಡಲಿಲ್ಲ. ನಿಮಗ ನಾ ಕೊಡ್ತೀನಿ, ಇಳದು ಬರ್ರಿ."

ಹಿರಿಯರ ಮುಖ ಬದಲಾಯಿತು. ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಕಟ್ಟೆಯಿಂದ ಇಳಿದು ಬಂದರು. ಆಮೇಲೆ ಇವರು ಆ ಮುದುಕರಿಗೆ ಕೈಗವಸು ತೊಡಿಸಿ, ಪಂಪು ಹೊಡೆಸಿ, ಸೋಸಿ ಉಳಿದ ಹಸಿರು ಪಾಚಿಯಂಥ ಕೆನೆಯನ್ನು ತೋರಿಸಿ, ಮನುಷ್ಯ ಮುಟ್ಟಿದರೆ ಮನುಷ್ಯನ ಗುರುತು, ಎಮ್ಮೆ ಇಳಿದರೆ ಎಮ್ಮೆಯ ಗುರುತು, ನೀರಿಗೆ ಇಬ್ಬರೂ ಒಂದೇ ಎಂದು ಒಂದೂವರೆ ತಾಸು ವಿವರಿಸಿದರು. ಹೆಣ್ಣುಮಕ್ಕಳೂ ಸೇರಿದರು. ಬಿಸಿಲೇರಿತು. ಪೆಟ್ಟಿಗೆಯ ಐಸ್ ಕರಗಿತು. ಆ ದಿನದ ಮಾದರಿಗಳು ಬಿಸಿಯಾದವೆಂದು ಅವರೇ ಚೆಲ್ಲಿದರು. ಮರುದಿನ ಮತ್ತೆ ನಸುಕಿನಲ್ಲಿ ನನ್ನ ಬೈಕು. ನನಗೆ ಅಂದು ಅವರ ಮೇಲೆ ಗೌರವ ಬರಬೇಕಿತ್ತು. ಬಂತು ಕೂಡ. ಆದರೆ ಮೂವತ್ತು ಕಿಲೋಮೀಟರ್ ಹೋಗಿ ಬರುವ ಸಿಟ್ಟು ಅದರ ಮುಂದೆ ದೊಡ್ಡದಾಗಿತ್ತು.

ತೋಳದ ಪ್ರಕರಣವನ್ನೂ ಹೇಳಿಬಿಡುತ್ತೇನೆ. ಶಲವಡಿಯ ಕಡೆ ಎರೆ ಹೊಲದಲ್ಲಿ ಮಂದೆ ಹಾಕಿದ್ದ ಕುರಿಗಾರನೊಬ್ಬನ ಕುರಿಗೆ ಏನೋ ಕಚ್ಚಿತ್ತು. ತೋಳವೆಂದು ಅವನು ಹೇಳಿದ. ತೋಳದ ಗವಿ ಹುಡುಕಿ ಹೊಗೆ ಹಾಕುವ ಮಾತು ನಡೆದಿತ್ತು. ಇವರು ಹೋಗಿ ಗಾಯದ ಸುತ್ತ ಹತ್ತಿಯಿಂದ ಒರೆಸಿ ತಂದರು. ಜೊಲ್ಲಿನ ಡಿಎನ್‌ಎ ನಾಯಿಯದು ಎಂದು ಬಂತು. ಅದನ್ನು ಹೇಳಲು ಮತ್ತೆ ಅಲ್ಲಿಗೇ ಹೋಗಬೇಕೆಂದು ಹಟ. ಹೋದೆವು.

"ನನ್ನ ಕಣ್ಣ ಸುಳ್ಳೇನ್ರಿ ಹಂಗಾರ?" ಎಂದು ಕುರಿಗಾರ ಕೆಂಪಾದ.

"ನಿನ್ನ ಕಣ್ಣು ಸುಳ್ಳಲ್ಲೋ ತಮ್ಮಾ. ಎಷ್ಟು ದೂರಿತ್ತದು? ಮಬ್ಬಿತ್ತೋ ಬೆಳಕಿತ್ತೋ?"

ಹೀಗೆ ಅವನು ನಿಂತ ಜಾಗ, ಅದು ಓಡಿದ ದಿಕ್ಕು, ಒಂದೊಂದನ್ನೇ ಕೇಳುತ್ತ ಹೋದರು. ಕೊನೆಗೆ ಅವನೇ, "ಹಾಂಗಂದ್ರ ನಾಯಿನೂ ಇರಬಹುದ್ರಿ" ಎಂದ. ಇವರ ಮುಖದಲ್ಲಿ ಗೆದ್ದ ಸಂತೋಷ ಕಾಣಲಿಲ್ಲ. ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಆ ವರ್ಷ ಗವಿಗೆ ಯಾರೂ ಹೊಗೆ ಹಾಕಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ತಾಲೂಕಿನಲ್ಲಿ, ಕಾಡಿನ ಅಂಚಿಗೆ ಒಂದು ಕೆರೆಯಿದೆ. ಅದರ ಹೆಸರು ಇಲ್ಲಿ ಬೇಡ. ಕಾಡಿನಿಂದ ಒಂದು ಹಳ್ಳ ಬಂದು ಅದಕ್ಕೆ ಸೇರುತ್ತದೆ. ಉತ್ತರಕ್ಕೂ ದಕ್ಷಿಣಕ್ಕೂ ಆಳೆತ್ತರದ ಜೊಂಡು. ಆ ಕೆರೆಯನ್ನು ಸುಧಾರಿಸುವ ಯೋಜನೆ ಬಂದಿತ್ತು. ಸುಧಾರಣೆ ಎಂದರೆ ಜೊಂಡು ಕಿತ್ತು, ದಂಡೆಗೆ ಕಲ್ಲು ಕಟ್ಟಿ, ಸುತ್ತ ತಿರುಗಾಡುವ ದಾರಿ ಮಾಡುವುದು. ಜೊಂಡು ಹೋದರೆ ಅದರಲ್ಲಿ ಮರಿ ಮಾಡುವ ಹಕ್ಕಿ, ಆಮೆ, ಮೀನು ಎಲ್ಲವೂ ಹೋದಂತೆ. ಮೂರು ವರ್ಷ ನಾನು ಸಹಿ ಸಂಗ್ರಹಿಸಿ, ಅರ್ಜಿ ಬರೆದು, ಕಚೇರಿಗಳ ಬೆಂಚಿನ ಮೇಲೆ ಕೂತು ಕಾದಿದ್ದೆ. ಹಕ್ಕಿ, ಆಮೆ ಎಂದರೆ ಯಾರೂ ಕಿವಿಗೊಡಲಿಲ್ಲ. ನೀರುನಾಯಿ ಇದೆ ಎಂದು ಊರಿನ ಒಬ್ಬಿಬ್ಬರು ಹೇಳುತ್ತಿದ್ದರು. ಅದು ಕಾನೂನಿನ ರಕ್ಷಣೆಯಿರುವ ಪ್ರಾಣಿ, ಅದೊಂದು ಸಾಬೀತಾದರೆ ಯೋಜನೆ ನಿಲ್ಲಿಸಲೇಬೇಕಾಗುತ್ತಿತ್ತು. ನಾನೇ ಮೇಡಂ ಅವರನ್ನು ಕರೆದುಕೊಂಡು ಹೋಗಿ ಆರು ಬಾಟಲಿ ನೀರು ತುಂಬಿಸಿದೆ.

ಕೆಲವು ವಾರದ ನಂತರ ಫೋನು ಬಂತು. "ಸರ, ಆರರಾಗ ಒಂದಕ್ಕ ನೀರುನಾಯಿ ಬಂದೈತಿ. ಯಾರಿಗೂ ಹೇಳಬ್ಯಾಡ್ರಿ. ಸಾಕ್ಷಿ ಬಾಟ್ಲಿ ಇನ್ನೂ ನೋಡೂದು ಐತಿ."

ನಾನು ಹೇಳಿದೆ. ಇದು ನನ್ನ ತಪ್ಪು, ಮುಚ್ಚಿಡುವುದಿಲ್ಲ. ಪರಿಚಯದ ವರದಿಗಾರರೊಬ್ಬರಿಗೆ ಅಂದೇ ಸಂಜೆ ಹೇಳಿದೆ. ಮರುದಿನದ ಪತ್ರಿಕೆಯಲ್ಲಿ ಯಾವುದೋ ಬೇರೆ ದೇಶದ ನೀರುನಾಯಿಯ ಬಣ್ಣದ ಚಿತ್ರದ ಜೊತೆ ಸುದ್ದಿ ಬಂತು. ಊರಿನವರು ನನಗೆ ಹಾರ ಹಾಕಿದರು. ತಾಲೂಕು ಕಚೇರಿಯಲ್ಲಿ ಸಭೆ ಕರೆದರು. ಸಭೆಗೆ ಎರಡು ದಿನವಿರುವಾಗ ಮೇಡಂ ಮತ್ತೆ ಫೋನು ಮಾಡಿದರು. ಸಾಕ್ಷಿ ಬಾಟಲಿಯಲ್ಲೂ ನೀರುನಾಯಿ ಸಿಕ್ಕಿತ್ತು. ಅದಕ್ಕೆ ಮೊದಲು ಅವರು ಬೇರೊಂದು ಹೊಳೆಯಲ್ಲಿ ನೀರುನಾಯಿಯ ಹಿಕ್ಕೆ ಸಂಗ್ರಹಿಸಿ ಇದೇ ಪೆಟ್ಟಿಗೆಯಲ್ಲಿ ತಂದಿದ್ದರು. ಆ ಪೆಟ್ಟಿಗೆ ತೊಳೆದದ್ದು ಸಾಲದೆ ಹೋಗಿತ್ತು. ಅಂದರೆ ನಾವು ಕಂಡುಹಿಡಿದ ನೀರುನಾಯಿ ನಮ್ಮ ಪೆಟ್ಟಿಗೆಯದು.

ಸಭೆಯ ದಿನ ಕಚೇರಿಯ ಪಡಸಾಲೆಯಲ್ಲಿ ಅವರನ್ನು ಅಡ್ಡಗಟ್ಟಿದೆ.

"ಮೇಡಂ, ಒಂದು ವರ್ಷ ಸುಮ್ಮನಿರ್ರಿ. ಅಷ್ಟರಾಗ ಮತ್ತ ನೀರು ತುಂಬೋಣ. ಸಿಕ್ಕ ಸಿಗ್ತದ."

"ನಾ ಸುಮ್ಮನಿದ್ರ ಆ ಪೆಟ್ಟಿಗ್ಯಾಗಿನ ನೀರುನಾಯಿ ಕೆರ್ಯಾಗ ಹೋಗಿ ಮರಿ ಹಾಕ್ತದೇನ್ರಿ?"

"ಮೂರು ವರ್ಷ ಅಡ್ಡಾಡೀನ್ರಿ ಇದಕ್ಕ."

"ಗೊತ್ತೈತಿ. ನಿಮ್ಮ ಅರ್ಜಿ ಎಲ್ಲಾ ಓದೀನಿ."

ಒಳಗೆ ಹೋದರು. ಎದ್ದು ನಿಂತರು. ಪತ್ರಿಕೆಯಲ್ಲಿ ಬಂದದ್ದು ತಪ್ಪು, ಸಾಕ್ಷಿ ಬಾಟಲಿಯಲ್ಲೂ ನೀರುನಾಯಿ ಸಿಕ್ಕಿದೆ, ಪೆಟ್ಟಿಗೆ ತೊಳೆದವಳು ನಾನು, ತಪ್ಪು ನನ್ನದು ಎಂದರು. ಸುದ್ದಿಯನ್ನು ಅವಸರದಿಂದ ಕೊಟ್ಟವನು ಯಾರು ಎನ್ನುವುದನ್ನು ಹೇಳಲಿಲ್ಲ. ಯಾರೂ ಕೇಳಲಿಲ್ಲ, ಅದಕ್ಕೇ ಹೇಳಲಿಲ್ಲ ಎಂದು ಆಮೇಲೆ ಅಂದರು.

ಅಧಿಕಾರಿಗೆ ಗೊಂದಲ. "ಹಂಗಾರ ಕೆರ್ಯಾಗ ನೀರುನಾಯಿ ಇಲ್ಲ ಅಂತ ಬರಕೊಳ್ಳೇನ್ರಿ?"

"ಇಲ್ಲ ಅಂತ ನಾ ಹೇಳಿಲ್ರಿ ಸಾಹೇಬ್ರ. ಐತೋ ಇಲ್ಲೋ ನಮಗ ಗೊತ್ತಿಲ್ಲ."

"ಏನರ ಒಂದು ಹೇಳ್ರಿ ಮೇಡಂ. ಐತಿ ಅನ್ರಿ, ಇಲ್ಲ ಅನ್ರಿ. ನಾ ಕಾಗದದಾಗ ಏನು ಬರೀಲಿ?"

"ಗೊತ್ತಿಲ್ಲ ಅಂತ ಬರೀರಿ. ಮೂರು ತಿಂಗಳು ಟೈಮ್ ಕೊಡ್ರಿ, ಗೊತ್ತು ಮಾಡಿ ಹೇಳ್ತೀನಿ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ತಿಂಗಳೊಳಗೆ ಯಂತ್ರ ಬಂತು. ಉತ್ತರದ ಜೊಂಡನ್ನು ಬೇರುಸಮೇತ ಎಳೆದು ದಂಡೆಗೆ ಹಾಕಿದರು, ದಕ್ಷಿಣದ್ದನ್ನು ಮುಂದಿನ ಕಂತಿನ ಹಣ ಬರಲೆಂದು ಬಿಟ್ಟರು. ನಾನು ಹೋಗಿ ನೋಡಿದೆ. ಜೊಂಡಿನ ಬುಡಕ್ಕೆ ಅಂಟಿದ್ದ ಗೂಡುಗಳು ಕೆಸರಿನಲ್ಲಿ ಬಿದ್ದಿದ್ದವು. ಕಲಘಟಗಿ ಬಸ್ ನಿಲ್ದಾಣದ ಚಹಾದಂಗಡಿಯವನು, "ಏನ್ಸರ, ನಿಮ್ಮ ನಾಯಿ ಎಲ್ಲಿ ಕಟ್ಟೀರಿ?" ಎಂದು ಕೇಳತೊಡಗಿದ. ಕಾಲೇಜಿನ ಹುಡುಗರ ನಡುವೆ ನನಗೆ ನೀರುನಾಯಿ ಸರ ಎಂಬ ಹೆಸರು ಕೂತಿತು. ನಾಲ್ಕು ತಿಂಗಳು ಮೇಡಂ ಜೊತೆ ನಾನು ಮಾತಾಡಲಿಲ್ಲ. ಫೋನು ಬಂದರೆ ಎತ್ತಲಿಲ್ಲ.

ಒಂದು ಭಾನುವಾರ ಮುಂಜಾನೆ ಅವರೇ ಧಾರವಾಡದ ಬಸ್ಸಿಳಿದು ನಮ್ಮ ಮನೆಗೆ ನಡೆದು ಬಂದರು. ಬಗಲಲ್ಲಿ ಹೊಸ ಪೆಟ್ಟಿಗೆ, ಹೊಸ ಪಂಪು. ಸಮಾಧಾನದ ಒಂದು ಮಾತಿಲ್ಲ.

"ಬೈಕ್ ಐತೇನ್ರಿ ಸರ? ಬಿಸಲಾಗೂದ್ರಾಗ ಹೋಗೂಣು."

ಬರುವುದಿಲ್ಲ ಎನ್ನಬೇಕೆಂದಿದ್ದೆ. ಮನೆಯಾಕೆ ಅವರಿಗೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ನನ್ನ ಕಡೆ ನೋಡಿದಳು. ಬೈಕ್ ತೆಗೆದೆ.

ಆ ವರ್ಷ ಮೂರು ಸಲ ಹೋದೆವು. ಕೆರೆಗೆ ಸೇರುವ ಹಳ್ಳದಲ್ಲಿ, ಉಳಿದಿದ್ದ ದಕ್ಷಿಣದ ಜೊಂಡಿನಲ್ಲಿ, ಪ್ರತಿ ಜಾಗದಲ್ಲೂ ಮೂರು ಮೂರು ಬಾಟಲಿ. ಪೆಟ್ಟಿಗೆಯನ್ನು ಬ್ಲೀಚಿಂಗ್ ನೀರಿನಲ್ಲಿ ಎಷ್ಟು ತೊಳೆಯುತ್ತಿದ್ದರೆಂದರೆ ಅವರ ಬೆರಳ ತುದಿಗಳು ಸುಲಿದು ಬಿಳಿಚಿದ್ದವು. ಸಾಕ್ಷಿ ಬಾಟಲಿ ಒಂದಿದ್ದದ್ದು ನಾಲ್ಕಾಯಿತು. ಮೊದಲ ಸಲ ಏನೂ ಸಿಗಲಿಲ್ಲ. ಎರಡನೆಯ ಸಲ ಹಳ್ಳದ ನೀರಿನಲ್ಲಿ ನೀರುನಾಯಿ ಬಂತು. ಮೂರನೆಯ ಸಲ ಹಳ್ಳದಲ್ಲೂ ಬಂತು, ಜೊಂಡಿನಲ್ಲೂ ಬಂತು. ಎರಡೂ ಸಲ ಸಾಕ್ಷಿ ಬಾಟಲಿಗಳು ಸ್ವಚ್ಛ.

ಪ್ರಯೋಗಾಲಯದಲ್ಲಿ ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. "ನೋಡ್ರಿ, ನೋಡ್ರಿ. ಆಗೂ ಇದ್ವು. ನೀವು ಅವತ್ತು ಬಾಯಿ ಬಿಡದಿದ್ರ ಉತ್ತರದ ದಂಡಿನೂ ಉಳೀತಿತ್ತು."

"ಈಗ ಅದಾವು ಸರ. ಆಗ ಇದ್ವೋ ಇಲ್ಲೋ, ಈ ನೀರು ಹೇಳೂದಿಲ್ಲ."

"ಉತ್ತರದ ಜೊಂಡು ಹೋತಲ್ರಿ ಮೇಡಂ."

ಅವರು ಕೈಗವಸು ತೆಗೆದು, ಒಳಮೈ ಹೊರಗೆ ಮಾಡಿ ಮಡಚಿ, ಚೀಲಕ್ಕೆ ಹಾಕಿದರು. "ಹೋತು" ಎಂದರು. "ದಿನಾ ನೆನಪಾಗ್ತದ." ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ವರದಿ ಹಿಡಿದು ಅದೇ ಅಧಿಕಾರಿಯ ಬಳಿ ಹೋದೆವು. ನಾನು ಮೂರು ಪುಟದ ವಾದ ಸಿದ್ಧಮಾಡಿಕೊಂಡಿದ್ದೆ. ಅಧಿಕಾರಿ ವರದಿಯ ಹಾಳೆ ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದರು.

"ಸಾಕ್ಷಿ ಬಾಟ್ಲಿ ನೋಡೀರೇನ್ರಿ ಬಾಯಾರ?"

"ನೋಡೀನ್ರಿ. ಸ್ವಚ್ಛ ಅದಾವು."

"ನೀವು ಅಂದ್ರ ಮುಗೀತು" ಎಂದು ಕಡತ ಎಳೆದುಕೊಂಡರು. ದಕ್ಷಿಣದ ದಂಡೆಯ ಕೆಲಸ ನಿಂತಿತು. ಕೆರೆಯ ಅರ್ಧ ಕಲ್ಲು, ಅರ್ಧ ಜೊಂಡು, ಇವತ್ತಿಗೂ ಹಾಗೆಯೇ ಇದೆ. ಅಂದು ಅವರು ಸುಮ್ಮನಿದ್ದಿದ್ದರೆ ಇಡೀ ಕೆರೆ ಉಳಿಯುತ್ತಿತ್ತೋ, ಅಥವಾ ಯಾರೋ ಒಬ್ಬರು ಸುಳ್ಳು ಹಿಡಿದು ಅರ್ಧವೂ ಉಳಿಯುತ್ತಿರಲಿಲ್ಲವೋ, ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ. ಉತ್ತರ ದಿಕ್ಕಿನ ಕಲ್ಲಿನ ದಂಡೆಯ ಮೇಲೆ ನಡೆಯುವಾಗ ಮಾತ್ರ ಸಿಟ್ಟು ಬಂದೇ ಬರುತ್ತದೆ.

ಅವರ ಕಾಯಿಲೆಯ ಸುದ್ದಿ ನನಗೆ ತಡವಾಗಿ ತಿಳಿಯಿತು. ಧಾರವಾಡದ ಅವರ ಮನೆಗೆ ಹೋದಾಗ ತಂಗಿ ಬಾಗಿಲು ತೆರೆದರು. ನಡುಮನೆಯಲ್ಲಿ ಬುದ್ಧನ ಚಿತ್ರದ ಕೆಳಗೆ ಮಂಚ ಹಾಕಿದ್ದರು. ಮೇಡಂ ಅರ್ಧ ಆಳಾಗಿದ್ದರು. ಇಷ್ಟು ವರ್ಷದಲ್ಲಿ ಆ ಕೆರೆಯ ನೀರುನಾಯಿಯನ್ನು ಅವರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ನಮಗೆ ಸಿಕ್ಕಿದ್ದು ಅದರ ನೀರಷ್ಟೇ. ಅವರಿಗೆ ಒಂದು ಸಂತೋಷ ಕೊಡಬೇಕೆನ್ನಿಸಿ, "ಮೇಡಂ, ಮೊನ್ನೆ ನೀರುನಾಯಿ ನೋಡಿದೆ" ಎಂದುಬಿಟ್ಟೆ.

ಕಣ್ಣು ತೆರೆದರು. "ಎಲ್ಲಿ?"

"ದಕ್ಷಿಣದ ಜೊಂಡಿನ ಹತ್ರ."

"ಎಷ್ಟು ಹೊತ್ತಿಗೆ?"

"ಮುಂಜಾನಿ ಏಳರ ಸುಮಾರಿಗೆ."

"ನೀವೆಲ್ಲಿ ನಿಂತಿದ್ರಿ?"

"ಕಟ್ಟಿ ಮ್ಯಾಲ, ತೂಬಿನ ಬಾಜು."

"ಏಳಕ್ಕ ಅಲ್ಲಿಂದ ನೋಡಿದ್ರ ಬಿಸಲು ಕಣ್ಣಿಗೆ ಹೊಡೀತದ. ಜೊಂಡು ಬರೇ ಕರ್ರಗ ಕಾಣ್ತದ." ಉಸಿರಿಗಾಗಿ ನಿಲ್ಲಿಸಿ ಮತ್ತೆ ಕೇಳಿದರು. "ಒಂದಿತ್ತೋ, ಎರಡೋ?"

"ಒಂದು. ಇಲ್ಲ, ಎರಡು."

"ಸರ, ನೀವು ನೋಡಿಲ್ಲ."

ಸಾಯುವ ಹಾಸಿಗೆಯ ಮೇಲಾದರೂ ಈ ಹೆಂಗಸು ಒಂದು ಮಾತನ್ನು ಸುಮ್ಮನೆ ನಂಬಬಾರದೆ ಎಂದು ನನ್ನ ಮೈ ಉರಿಯಿತು. "ಇಲ್ರಿ, ನೋಡಿಲ್ಲ" ಎಂದೆ.

ತಂಗಿ ಚಹಾ ತಂದಿಟ್ಟು ಒಳಗೆ ಹೋದರು. ಮೇಡಂ ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಮಲಗಿದರೇನೋ ಎಂದು ನಾನು ಏಳಲು ಹೊರಟೆ.

"ಕೂಡ್ರಿ. ಹೆಂಗಿತ್ತು ಹೇಳ್ರಿ."

"ನೋಡಿಲ್ಲ ಅಂದೆನಲ್ರಿ."

"ನೋಡಿಲ್ಲ ಅಂತ ಇಬ್ಬರಿಗೂ ಗೊತ್ತಾತಲ್ಲ. ಈಗ ಹೇಳ್ರಿ."

ಹೇಳತೊಡಗಿದೆ. ಹಳ್ಳ ಕೆರೆಗೆ ಸೇರುವಲ್ಲಿ ನೀರು ಅಲುಗಿತು ಎಂದೆ. ಮೊದಲು ಮೂಗು ಕಂಡಿತು, ಆಮೇಲೆ ತಲೆ. ಜೊಂಡಿನ ಸಂದಿಯಿಂದ ಒಂದು ದಂಡೆಗೆ ಹತ್ತಿತು, ಬಾಯಲ್ಲಿ ಮೀನು. ಅದರ ಹಿಂದೆ ಎರಡು ಮರಿ ಬಂದವು. ಮೈ ಕೊಡವಿಕೊಂಡು, ಬೆಕ್ಕಿನ ಹಾಗೆ ಬಾಲ ಮೇಲೆತ್ತಿ, ಕೆಸರಿನ ಮೇಲೆ ನಡೆಯಿತು.

"ತಡ್ರಿ" ಎಂದರು, ಕಣ್ಣು ತೆರೆಯದೆ. "ಬಾಲ ಹಂಗ ಎತ್ತೂದಿಲ್ರಿ ಅದು. ಬುಡದಾಗ ದಪ್ಪ ಇರ್ತದ. ನೆಲಕ್ಕ ಎಳಕೊಂತ ಹೋಗ್ತದ."

ನಾನು ಬಾಲವನ್ನು ನೆಲಕ್ಕೆ ಇಳಿಸಿ ಮುಂದೆ ಹೇಳಿದೆ.